ಏಳು ಕೋಟಿಗೆ ಮಿಕ್ಕ ಎರಡು

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ಆದರೆ ದಿನಚರಿಯೂ ನೆನಪೂ ಎದುರುಬದುರಾದಾಗ ಯಾವುದರ ಪರ ನಿಲ್ಲಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ವಿದ್ಯಾರ್ಥಿನಿ ಮಂಜುಳ ಪ್ರದರ್ಶನದ ದಿನ ಹಸಿರು ಲಂಗ ತೊಟ್ಟಿದ್ದಳೆಂದು ನೆನಪು ಹೇಳುತ್ತದೆ. ದಿನಚರಿಯಲ್ಲಿ ಯೂನಿಫಾರಂ ಎಂದಿದೆ. ಅದನ್ನು ಬರೆದವಳೂ ನಾನೇ, ಅವತ್ತು ತಲೆನೋವಿತ್ತೆಂದೂ ಅಲ್ಲೇ ಬರೆದಿದ್ದೇನೆ.

ಒಂದು ಸಂಗತಿಯನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ: 7,39,39,133. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಇದರಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಹೊಸದಾಗಿ ಗಣಿತ ಪಾಠ ಮಾಡಲು ಬರುವ ಮೇಷ್ಟರುಗಳು ನಿಮ್ಮ ಅನುಭವ ಬರೆಯಿರಿ ಎಂದಾಗ ನನಗೆ ಮೊದಲು ನೆನಪಾಗುವುದು ಈ ಸಂಖ್ಯೆ. ಬಡ್ತಿ, ವರ್ಗಾವಣೆಗಳೆಲ್ಲ ಆಮೇಲೆ.

ನಾನು ಕೆಲಸಕ್ಕೆ ಸೇರಿದ್ದು ಭೇರ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ. ಎಂ.ಎಸ್ಸಿ. ಮುಗಿಸಿ ಬಂದವಳು ಎಂಬ ಬಿಂಕ ಇತ್ತು. ಮೊದಲ ತಿಂಗಳಲ್ಲೇ ಒಬ್ಬ ಅಧಿಕಾರಿ ತಪಾಸಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಅವಿಭಾಜ್ಯ ಸಂಖ್ಯೆಯ ಪಾಠ. ಎರಡು, ಮೂರು, ಐದು, ಏಳರಂತೆ ಒಂದರಿಂದ ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗಳು ಎಂದು ವಿವರಿಸಿ, ಇನ್ನೊಂದು ಉದಾಹರಣೆ ಎಂದು ಬೋರ್ಡಿನ ಮೇಲೆ 91 ಬರೆದೆ. ಅಧಿಕಾರಿ ಎದ್ದು ನಿಂತು, "ಮೇಡಂ, ಹದಿಮೂರರ ಮಗ್ಗಿ ಮೈಸೂರಿನಲ್ಲೇ ಬಿಟ್ಟು ಬಂದಿರಾ?" ಎಂದರು. ಹದಿಮೂರು ಏಳಲಿ ತೊಂಬತ್ತೊಂದು. ಮಕ್ಕಳು ನಗುವುದಕ್ಕೆ ಮೊದಲು ನನ್ನ ಮುಖ ನೋಡಿದರು, ನಗಬಹುದೆಂದು ಖಾತ್ರಿಯಾದ ಮೇಲೆ ಮನಸಾರೆ ನಕ್ಕರು.

ಅಲ್ಲಿಂದ ಕೋಟೆ ತಾಲ್ಲೂಕಿನ ಅಂತರಸಂತೆಯ ಆಚೆಗೆ ಹೋದೆ. ಕಾಕನಕೋಟೆ ಕಾಡಿನ ರಸ್ತೆಯಲ್ಲಿ ಆನೆ ನಿಂತರೆ ಬಸ್ಸೂ ನಿಲ್ಲುತ್ತಿತ್ತು, ಬಸ್ಸಿನಲ್ಲಿದ್ದ ಮೇಷ್ಟರುಗಳು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದರು. ಅಲ್ಲಿನ ಹೆಡ್‌ಮಾಸ್ಟರು ಒಮ್ಮೆ ತಡವಾಗಿ ಬಂದ ನನ್ನನ್ನು ಕರೆದು, "ಆ ಆನೆ ಸೋಮವಾರವೇ ಯಾಕೆ ಅಡ್ಡ ಬರ್ತದೆ ಮೇಡಂ? ಅದಕ್ಕೂ ಭಾನುವಾರ ರಜವಾ?" ಎಂದು ಕೇಳಿದ್ದರು. ಆನೆ ನಿಜವಾಗಿಯೂ ಬಂದಿತ್ತು. ಬಂದಿತ್ತು ಎಂದೇ ದಿನಚರಿಯಲ್ಲೂ ಇದೆ.

ಆಮೇಲೆ ಹನಗೋಡಿನ ಹತ್ತಿರದ ಒಂದು ಊರು. ಗಂಡನ ಮನೆ ಅಲ್ಲಿಗೆ ಎರಡು ಮೈಲಿ. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕಾಲ ಬಂತೆಂದರೆ ಶಾಲೆಯ ಅರ್ಧ ಹಾಜರಾತಿ ಬ್ಯಾರನ್‌ಗಳ ಮುಂದೆ ಇರುತ್ತಿತ್ತು. ಬ್ಯಾರನ್ ಎಂದರೆ ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಎತ್ತರದ ಮನೆ. ಅದರೊಳಗೆ ತೂಗುಹಾಕಲು ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ಸಾಲಾಗಿ ಕಟ್ಟಬೇಕು. ಒಂದು ಕಡ್ಡಿಗೆ ಇಷ್ಟೆಲೆ ಎಂದು ಆಯಾ ಮನೆಯ ಲೆಕ್ಕ. ಈ ಕೆಲಸ ಮುಯ್ಯಾಳಿನ ಮೇಲೆ ನಡೆಯುತ್ತಿತ್ತು. ಇವತ್ತು ನೀವು ನಮ್ಮ ಮನೆಗೆ ಬಂದು ದುಡಿದರೆ ನಾಳೆ ನಾವು ನಿಮ್ಮ ಮನೆಗೆ. ಬರಲಾಗದಿದ್ದರೆ ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ಮುಯ್ಯಿ ತೀರಿಸದವರ ಬಗ್ಗೆ ಊರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಮಾರನೆಯ ವರ್ಷ ಅವರ ಮನೆಗೆ ಯಾರೂ ಹೋಗುವುದಿಲ್ಲ.

ಅಂಥ ಒಂದು ಸೊಪ್ಪಿನ ಕಾಲದಲ್ಲಿ, ತರಗತಿಗೆ ಬಂದಿದ್ದ ನಾಲ್ಕಾರು ಮಕ್ಕಳನ್ನು ಹಿಡಿದಿಟ್ಟುಕೊಳ್ಳಲು ನಾನು ಬೋರ್ಡಿನ ಮೇಲೆ 7,39,39,133 ಬರೆದೆ. ಎಂ.ಎಸ್ಸಿ. ಓದುವಾಗ ಮೇಷ್ಟರೊಬ್ಬರು ಹೇಳಿದ್ದು. ಇದು ಅವಿಭಾಜ್ಯ. ಬಲಗಡೆಯ ಒಂದಂಕಿ ಅಳಿಸಿದರೆ ಉಳಿಯುವ 73,93,913 ಕೂಡ ಅವಿಭಾಜ್ಯ. ಇನ್ನೊಂದು ಅಳಿಸಿ, 7,39,391. ಮತ್ತೆ 73,939. ಮತ್ತೆ 7,393. 739. 73. 7. ಎಲ್ಲವೂ ಅವಿಭಾಜ್ಯ. ಹೀಗೆ ಬಲದಿಂದ ಕಿತ್ತಷ್ಟೂ ಅವಿಭಾಜ್ಯವಾಗಿಯೇ ಉಳಿಯುವ ಸಂಖ್ಯೆಗಳಲ್ಲಿ ಇದೇ ಅತಿ ದೊಡ್ಡದು. ಇದರ ಬಲಗಡೆ ಇನ್ನು ಯಾವ ಅಂಕಿ ಇಟ್ಟರೂ ಆಟ ಕೆಟ್ಟಿತು. ಒಂದನ್ನೋ ಏಳನ್ನೋ ಇಟ್ಟರೆ ಮೂರರಿಂದ ಭಾಗವಾಗುತ್ತದೆ, ಮಿಕ್ಕ ಅಂಕಿಗಳಿಗೆ ಬೇರೆ ಬೇರೆ ಕಾರಣ.

ಮುಂದಿನ ಬೆಂಚಿನ ಮಂಜುಳ ಎದ್ದು ಬಂದು ಡಸ್ಟರು ಕೇಳಿ ತೆಗೆದುಕೊಂಡಳು. ಕೂಲಿಗೆ ಹೋಗುವ ತಾಯಿಯ ಮಗಳು. ಹೆಸರು ಕರೆದರೆ ಹಾಜರ್ ಎನ್ನುವುದೂ ಕೇಳಿಸದಷ್ಟು ಮೆಲುದನಿ. ಒಂದೊಂದೇ ಅಂಕಿ ಅಳಿಸುತ್ತ ಏಳರವರೆಗೆ ಬಂದು ನಿಂತಳು.

"ಮಿಸ್, ಇದ ನಾನು ಹುಣಸೂರಿಗೆ ತಗೊಂಡೋಗ್ಲಾ?"

ಹುಣಸೂರಿನಲ್ಲಿ ಆ ವರ್ಷ ತಾಲ್ಲೂಕಿನ ಶಾಲೆಗಳ ಗಣಿತ ಮತ್ತು ವಿಜ್ಞಾನ ಪ್ರದರ್ಶನವಿತ್ತು. ನಮ್ಮ ಶಾಲೆಯಿಂದ ಒಬ್ಬರಿಗೆ ಅವಕಾಶ. ನಾನು ಖುಷಿಯಿಂದ ಹೂಂ ಎಂದೆ. ಸಂಜೆಯ ಹೊತ್ತಿಗೆ ಊರಿನ ಬ್ಯಾರನ್‌ಗಳಿಗೆಲ್ಲ ಸುದ್ದಿ ಹೋಯಿತು. ಸೊಪ್ಪು ಕಟ್ಟುವ ಹೆಂಗಸರು ಅವಳನ್ನು ಕಂಡಾಗಲೆಲ್ಲ, "ಬಾರವ್ವ ಏಳ್‌ಕೋಟಿ ಒಡತಿ, ನಮ್ಗೂ ಒಂದೆಲ್ಡು ಲಕ್ಷ ಕೊಡು" ಎನ್ನತೊಡಗಿದರು. ಮಂಜುಳ ನಾಚಿದರೂ ಅವಳಿಗೆ ಅದು ಹಿಡಿಸಿತ್ತು.

ಹಿಡಿಸದಿದ್ದದ್ದು ನಮ್ಮ ಹೆಡ್‌ಮಾಸ್ಟರಿಗೆ. ಸಮಾಜ ವಿಜ್ಞಾನದವರು, ಒಳ್ಳೆಯವರು, ತಮಾಷೆಗಾರರು. ಹಿಂದಿನ ವರ್ಷ ನಮ್ಮ ಶಾಲೆಯ ಚಾರ್ಟಿನಲ್ಲಿ ಹೃದಯ ಬಲಗಡೆಗೆ ಹೋಗಿ, ಹುಣಸೂರಿನಲ್ಲಿ ಅವರು ತಲೆ ತಗ್ಗಿಸಿ ಬಂದಿದ್ದರು.

"ಮೇಡಂ, ಇದು ಅವಿಭಾಜ್ಯ ಅಂತ ಯಾವ ಪುಸ್ತಕದಲ್ಲಿದೆ?"

"ನಮ್ಮ ಮೇಷ್ಟರು ಹೇಳಿದ್ದು ಸಾರ್."

"ಬರ್ಕೊಂಡಿದ್ರಾ?"

"ಬರ್ಕೊಂಡಿದ್ದೆ. ಆ ನೋಟ್ಸು ಗೆದ್ದಲು ತಿಂತು."

"ಅಂದ್ರೆ ಈಗ ಇದು ನಿಮಗೂ ಗೆದ್ದಲಿಗೂ ಮಾತ್ರ ಗೊತ್ತಿರೋ ವಿಷಯ." ಕನ್ನಡಕ ತೆಗೆದು ಒರೆಸಿಕೊಂಡರು. "ಪುಸ್ತಕ ತೋರ್ಸಿ, ಇಲ್ಲ ಲೆಕ್ಕ ತೋರ್ಸಿ. ಇಲ್ದಿದ್ರೆ ಜ್ವಾಲಾಮುಖಿ ಮಾಡೆಲ್ ಕಳಿಸ್ತೀನಿ. ಅದು ಹೊಗೆಯಾದ್ರೂ ಬಿಡ್ತದೆ."

ಅಲ್ಲಿಯವರೆಗೆ ಅನುಮಾನವೇ ಇರಲಿಲ್ಲ. ಅವರು ಕೇಳಿದ ಮೇಲೆ ಶುರುವಾಯಿತು. ಮಧ್ಯದಲ್ಲಿ ಮೂವತ್ತೊಂಬತ್ತು ಎರಡು ಸಲವೋ, ಒಂದು ಸಲವೋ? ಕೊನೆಯದು ಮೂರೋ, ಒಂಬತ್ತೋ? ತೊಂಬತ್ತೊಂದನ್ನು ಅವಿಭಾಜ್ಯ ಎಂದವಳು ನಾನು. ಒಂದಂಕಿ ತಪ್ಪಿದ್ದರೂ ಹುಣಸೂರಿನಲ್ಲಿ ಯಾರಾದರೂ ಭಾಗಿಸಿ ತೋರಿಸುತ್ತಾರೆ. ನನಗೇನು, ವರ್ಗಾವಣೆಯಾದರೆ ಹೊಸ ಊರು. ಮಂಜುಳ ಅಲ್ಲೇ ಇರಬೇಕಾದವಳು. ಆ ಕಡೆ ಅಡ್ಡಹೆಸರು ಒಮ್ಮೆ ಅಂಟಿತೆಂದರೆ ಮೂರು ತಲೆಮಾರು. ಯಾವನೋ ಪುಣ್ಯಾತ್ಮ ಹಂದಿ ನೋಡಿ ಹುಲಿ ಎಂದು ಓಡಿ ಬಂದಿದ್ದನಂತೆ, ಅವನ ಮೊಮ್ಮಕ್ಕಳ ಮದುವೆ ಊಟಕ್ಕೂ ಜನ 'ಹುಲಿಯೋರ ಮನೆ'ಗೆ ಎಂದೇ ಹೋಗುತ್ತಿದ್ದರು. ಈ ಹುಡುಗಿ 'ಸುಳ್‌ಕೋಟಿ' ಆಗುವುದಕ್ಕೆ ಒಂದು ಬೆಳಗು ಸಾಕಿತ್ತು.

ಲೆಕ್ಕ ತೋರಿಸುವ ದಾರಿ ಇತ್ತು. 8,600ರ ವರ್ಗ ಈ ಸಂಖ್ಯೆಗಿಂತ ದೊಡ್ಡದು. ಆದ್ದರಿಂದ 8,600ರ ಒಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಯಾವುದರಿಂದಲೂ ಸೊನ್ನೆ ಉಳಿಯದಿದ್ದರೆ ಗೆದ್ದೆವು. ತೊಂದರೆ ಏನೆಂದರೆ ಅಂಥವು ಸಾವಿರಕ್ಕೂ ಹೆಚ್ಚಿವೆ. ಇದನ್ನು ತರಗತಿಯಲ್ಲಿ ಹೇಳಿದಾಗ ನಿಂಗರಾಜ ಎಂಬ ಹುಡುಗ, "ಮುಯ್ಯಾಳ್ ಹಾಕ್ಬುಡಿ ಮಿಸ್" ಎಂದ.

ಹಾಗೇ ಮಾಡಿದೆವು. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಅವಿಭಾಜ್ಯಗಳ ಪಟ್ಟಿ ತಯಾರಾಯಿತು. ಹಾಜರಿ ಪುಸ್ತಕದಲ್ಲಿ ನಲವತ್ತು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಪಾಲು. ಯಾರ ಮನೆಯಲ್ಲಿ ಸೊಪ್ಪು ಹೆಚ್ಚೋ ಅವರ ಪಾಲನ್ನು ಇನ್ನೊಬ್ಬರು ಮಾಡುವುದು, ಮಾಡಿದವರ ಮನೆಗೆ ಭಾನುವಾರ ಅವರು ಸೊಪ್ಪು ಕಟ್ಟಲು ಹೋಗುವುದು. ಕೂಡಲೇ ನ್ಯಾಯಪಂಚಾಯಿತಿ ಎದ್ದಿತು.

"ಅವ್ನಿಗೆ ಹದಿಮೂರು, ನಂಗೆ ಎಂಟು ಸಾವಿರದ ಐನೂರ ತೊಂಬತ್ತೇಳಾ? ಇದ್ಯಾವ ನ್ಯಾಯ ಮಿಸ್?"

"ಲೋ ನಿಂಗ, ನಿಂಗೆ ನಾಕಂಕಿ ಬಂದ್ರೆ ಮುಗೀತು ಕಣ್ಲಾ. ನಂಗೆ ಉತ್ರ ಬರೆಯಕ್ಕೆ ಪೇಜೇ ಸಾಲಲ್ಲ."

ಸಣ್ಣ ಭಾಜಕಕ್ಕೆ ಉತ್ತರ ಉದ್ದ, ದೊಡ್ಡದಕ್ಕೆ ಮಗ್ಗಿ ಕಷ್ಟ. ಯಾವುದಕ್ಕೆ ಯಾವುದು ಸಮ ಎಂದು ಅವರೇ ತಕರಾರು ಮಾಡಿ ಅವರೇ ತೀರ್ಮಾನಿಸಿದರು. ಭಾಗಾಕಾರದ ಬಗ್ಗೆ ಅಷ್ಟು ಗಂಭೀರವಾದ ಚರ್ಚೆಯನ್ನು ನಾನು ವಿಶ್ವವಿದ್ಯಾನಿಲಯದಲ್ಲಿ ಕೇಳಿರಲಿಲ್ಲ.

ನೂರರ ಒಳಗಿನ ಸಂಖ್ಯೆಗಳ ಪಾಲು ಒಬ್ಬ ಹುಡುಗನದು. ಅವನು ಮಾವನ ಬ್ಯಾರನ್‌ಗೆಂದು ಪಿರಿಯಾಪಟ್ಟಣದ ಕಡೆ ಹೋಗಿಬಿಟ್ಟ. ಆ ಪಾಲು ಮಂಜುಳಳ ತಲೆಗೆ ಬಿತ್ತು, ಅವಳಿಗೆ ಮೊದಲೇ ಎರಡಿದ್ದವು. ಇದನ್ನು ಮನೆಯಲ್ಲಿ ಹೇಳುತ್ತಿದ್ದಾಗ ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಸೊಪ್ಪು ಕಟ್ಟುತ್ತಲೇ, "ಅದ ಇತ್ಲಾಗೆ ಕೊಡು" ಎಂದರು. ಹಿಂದಿನ ವಾರ ಮಂಜುಳ ನಮ್ಮ ಮನೆಗೆ ಸೊಪ್ಪು ಕಟ್ಟಲು ಬಂದಿದ್ದಳು. "ಅವ್ಳ ಮುಯ್ಯಿ ನನ್ ಮ್ಯಾಲೈತೆ."

ಅತ್ತೆ ಐದನೇ ಕ್ಲಾಸಿನವರೆಗೆ ಓದಿದ್ದವರು. ಮಗ್ಗಿ ಚೆನ್ನಾಗಿ ಬರುತ್ತಿತ್ತು. ನಾನು ಭಾಗಾಕಾರ ವಿವರಿಸಹೊರಟರೆ, "ಗೊತ್ತಾಯ್ತು ಬುಡು. ಇಷ್ಟೆಲೆ ಅವೆ, ಕಡ್ಡಿಗೆ ಇಷ್ಟು ಅಂದ್ರೆ ಕಡ್ಡಿ ಎಷ್ಟು, ಮಿಕ್ಕಿದ್ದೆಷ್ಟು, ಅಷ್ಟೇ ತಾನೆ?" ಎಂದರು. ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ ಇನ್ನೊಂದು ಕೇಳಿದರು.

"ಅಲ್ಲ ಕಣವ್ವ, ಅಷ್ಟೊಂದ್ ಮಕ್ಳು ಮಾಡ್ಕೊಂಡ್ ಬಂದಿದ್ದ ಯಾರ್ ನೋಡ್ತಾರೆ, ಸರಿಗೈತಾ ಇಲ್ವಾ ಅಂತ?"

"ಪ್ರತಿಯೊಬ್ಬರೂ ಜೋಪಾನವಾಗಿ ಮಾಡ್ತಾರೆ ಅತ್ತೆ."

"ಊಂ, ಮಾಡ್ತಾರೆ" ಎಂದರು.

ಪಾಲುಗಳು ಬಂದವು. ಬಂದದ್ದನ್ನೆಲ್ಲ ಮಂಜುಳ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಅವಳ ದನಿ ಮೊದಲ ಸಲ ಹಿಂದಿನ ಬೆಂಚಿಗೆ ತಲುಪಿದ್ದು ಹೀಗೆ. ಅತ್ತೆಯ ಪಾಲು ಓದುತ್ತ ಮೂರಕ್ಕೆ ಎರಡು, ಏಳಕ್ಕೆ ಎರಡು, ಹನ್ನೊಂದಕ್ಕೆ ನಾಲ್ಕು, ಹದಿಮೂರಕ್ಕೆ ಎಂಟು ಎನ್ನುತ್ತಾ ಬಂದವಳು ನಲವತ್ತೇಳಕ್ಕೆ ತಲುಪಿ ನಿಂತುಬಿಟ್ಟಳು.

"ಏನಾಯ್ತೇ?"

"ಸೊನ್ನೆ ಮಿಸ್."

ನನಗಂತೂ ಜ್ವಾಲಾಮುಖಿ ಹೊಗೆ ಬಿಡುತ್ತಿರುವುದು ಕಣ್ಣಿಗೇ ಕಟ್ಟಿತು. ನನ್ನ ನೆನಪು ಮೋಸ ಮಾಡಿತ್ತು, ಆ ಹುಡುಗಿಯ ಹೆಸರು ಹೋಗಿತ್ತು. ಮಂಜುಳ ಅಳಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ನಲವತ್ತೇಳರಿಂದ ಭಾಗಿಸತೊಡಗಿದಳು. ಹದಿನೈದು ಲಕ್ಷ ಎಪ್ಪತ್ತಮೂರು ಸಾವಿರದ ನೂರ ಎಪ್ಪತ್ತಮೂರು. ಕೆಳಗೆ ಎರಡು ಮಿಕ್ಕಿತು. ಮತ್ತೊಮ್ಮೆ ಮಾಡಿದಳು. ಮತ್ತೂ ಎರಡೇ.

ಸಂಜೆ ಅವಳನ್ನೇ ಮನೆಗೆ ಕರೆದುಕೊಂಡು ಹೋದೆ. ಅತ್ತೆಗೆ ಯಾವ ಗಾಬರಿಯೂ ಇರಲಿಲ್ಲ.

"ಎಲ್ಡು ಮಿಕ್ತು. ಎಲ್ಡೆಲೆಗೆ ಯಾರಾದ್ರೂ ಇನ್ನೊಂದು ಕಡ್ಡಿ ಕಟ್ತಾರಾ? ಕಡೇ ಕಡ್ಡಿಗೇ ಸೇರಿಸ್ದೆ."

"ಅಜ್ಜಿ, ಏಳಕ್ಕೂ ಎಲ್ಡೇ ಮಿಕ್ಕಿತ್ತಲ್ವಾ? ಅದ ಯಾಕ್ ಬರ್ದಿದ್ದೀರಿ?" ಎಂದಳು ಮಂಜುಳ.

"ಏಳೆಲೆ ಕಡ್ಡಿಗೆ ಎಲ್ಡೆಲೆ ಸೇರ್ಸಿದ್ರೆ ಕಡ್ಡಿ ಬಗ್ಗಲ್ವೇನೇ? ನಲವತ್ತೇಳ್ರದು ತಡೀತದೆ."

ಮಂಜುಳ ನಗುವುದಕ್ಕೆ ಶುರು ಮಾಡಿ ನಿಲ್ಲಿಸಲಾರದೆ ಹೋದಳು. ನಾನು ಮಾತ್ರ ನಗಲಿಲ್ಲ. ಒಂದು ಯೋಚನೆ ಕಚ್ಚಿಕೊಂಡಿತ್ತು. ಸುಳ್ಳು ಸೊನ್ನೆ ಗದ್ದಲ ಎಬ್ಬಿಸುತ್ತದೆ, ಆದ್ದರಿಂದ ಸಿಕ್ಕಿಬಿತ್ತು. ಎಲ್ಲಾದರೂ ನಿಜವಾದ ಸೊನ್ನೆಯ ಜಾಗದಲ್ಲಿ ಯಾರಾದರೂ ತಪ್ಪಾಗಿ ಐದೋ ಆರೋ ಬರೆದಿದ್ದರೆ? ಅದು ಸದ್ದಿಲ್ಲದೆ ಕುಳಿತಿರುತ್ತದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಬೇಕೆಂಬ ಸಣ್ಣ ಬುದ್ಧಿ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅತ್ತೆಯ ಪಾಲನ್ನು ನಾನೂ ಮಂಜುಳಳೂ ಅಲ್ಲೇ ಜಗಲಿಯ ಮೇಲೆ ಕುಳಿತು ಪೂರ್ತಿ ಮತ್ತೆ ಮಾಡಿದೆವು. ನಲವತ್ತೇಳು ಬಿಟ್ಟರೆ ಎಲ್ಲವೂ ಸರಿಯಾಗಿದ್ದವು. ಮಾರನೆಯ ದಿನ ತರಗತಿಯಲ್ಲಿ ಪಾಲುಗಳನ್ನು ಅದಲುಬದಲು ಮಾಡಿಸಿದೆ. ತಪ್ಪುಗಳು ಸಿಕ್ಕಿದವು, ನಾಚಿಕೆಯಾಗುವಷ್ಟು ಸಿಕ್ಕಿದವು. ತಿದ್ದಿದ ಮೇಲೂ ಎಲ್ಲಿಯೂ ಸೊನ್ನೆ ಬರಲಿಲ್ಲ. ಹೆಡ್‌ಮಾಸ್ಟರು ಹಾಳೆಗಳ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, "ತೂಕದಲ್ಲೇ ಪಾಸು" ಎಂದು ರುಜು ಹಾಕಿದರು.

ಹುಣಸೂರಿನಲ್ಲಿ ನಮ್ಮ ಮೇಜಿನ ಮುಂದೆ ಬಂದ ತೀರ್ಪುಗಾರರು ಕಾಲೇಜೊಂದರ ಉಪನ್ಯಾಸಕರು. ಜೇಬಿನಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡಿದ್ದರು. ಆಗಿನ ಕಾಲಕ್ಕೆ ಅದು ಪೆನ್ನಿಗಿಂತ ದೊಡ್ಡ ಗೌರವ. ಮಂಜುಳ ಹೇಳುವುದನ್ನೆಲ್ಲ ಕೇಳಿಸಿಕೊಂಡು, ಸಂಖ್ಯೆಯನ್ನು ಒತ್ತಿ, ಏಳರಿಂದ ಭಾಗಿಸಿ, ಕ್ಯಾಲ್ಕುಲೇಟರನ್ನು ಅವಳತ್ತ ತಿರುಗಿಸಿದರು. 10562733. ಚುಕ್ಕಿಯ ಆಚೆಗೆ ಏನೂ ಇಲ್ಲ.

"ಏನಮ್ಮಾ ಇದು? ಏಳರಿಂದಲೇ ಪೂರ್ತಿ ಹೋಯ್ತಲ್ಲ!"

ಸುತ್ತ ನಿಂತಿದ್ದವರು ನಕ್ಕರು. ನಾನು ಹಿಂದೆ ನಿಂತಿದ್ದೆ. ಅಷ್ಟು ಹಾಳೆಗಳು, ಅಷ್ಟು ಮಕ್ಕಳು, ಎಲ್ಲ ಇದ್ದರೂ ಆ ಕ್ಷಣ ನಾನು ನಂಬಿದ್ದು ಯಂತ್ರವನ್ನು. ಬೇರೆಯವರು ಹೇಗೋ ಏನೋ, ನನಗೆ ಇಂದಿಗೂ ಆ ಕ್ಷಣದ ಬಗ್ಗೆ ನನ್ನ ಮೇಲೆ ಬೇಸರವಿದೆ.

ಮಂಜುಳ ಆ ಗಾಜನ್ನು ಬಗ್ಗಿ ನೋಡಿದಳು.

"ಸಾರ್, ಇದ್ರಲ್ಲಿ ಎಷ್ಟಂಕಿ ಹಿಡಿಸ್ತದೆ?"

"ಎಂಟು."

"ಎಂಟೂ ತುಂಬೋಗವೆ ಸಾರ್. ಮಿಕ್ಕಿದ್ದಕ್ಕೆ ಜಾಗ ಇಲ್ಲ. ಅದುಕ್ಕೆ ಕಡೇ ಕಡ್ಡಿಗೆ ಸೇರಿಸ್ಬುಟ್ಟೈತೆ."

"ಏನು? ಯಾವ ಕಡ್ಡಿ?"

"ಮೂರೇಳಲಿ ಇಪ್ಪತ್ತೊಂದಲ್ವಾ ಸಾರ್? ಈ ಉತ್ರದ ಕೊನೇ ಮೂರನ್ನ ಏಳ್ರಿಂದ ಗುಣಿಸಿದ್ರೆ ಕೊನೇಗೆ ಒಂದು ಬರ್ಬೇಕು. ನಮ್ ಸಂಖ್ಯೆ ಮೂರ್ರಲ್ಲಿ ಮುಗೀತದೆ. ಎಲ್ಡು ಎಲ್ಲೋಯ್ತು? ವಾಪಸ್ ಗುಣಿಸಿ ನೋಡಿ."

ಅವರು ಎಲ್ಲ ಅಳಿಸಿ, ಆ ಉತ್ತರವನ್ನು ಹೊಸದಾಗಿ ಒತ್ತಿ ಏಳರಿಂದ ಗುಣಿಸಿದರು. 73939131. ಎರಡು ಕಡಿಮೆ. ಮನುಷ್ಯ ದೊಡ್ಡವರು, ಜೋರಾಗಿ ನಕ್ಕುಬಿಟ್ಟರು. "ಇದು ನನಗೇ ಹೊಳೀಲಿಲ್ಲ. ನಿನಗೆ ಯಾರು ಹೇಳಿಕೊಟ್ಟರಮ್ಮಾ?" ಎಂದರು. ಮಂಜುಳ ನನ್ನನ್ನು ತೋರಿಸುತ್ತಾಳೆಂದು ಸೆರಗು ಸರಿಮಾಡಿಕೊಂಡೆ.

"ಮಿಸ್ಸೋರ ಅತ್ತೆ ಸಾರ್" ಎಂದಳು.

ಬಹುಮಾನ ಜ್ವಾಲಾಮುಖಿಗೆ ಹೋಯಿತು, ಬೇರೆ ಶಾಲೆಯದು. ಅಡ್ಡಹೆಸರು ಮಾತ್ರ ಊರಿನಲ್ಲಿ ಉಳಿಯಿತು. ಮಂಜುಳ ಈಗ ಕೋಟೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಾಳೆ, ಊರಿಗೆ ಬಂದರೆ ಈಗಲೂ ಏಳ್‌ಕೋಟಿಯೇ. ಎರಡು ಸಾವಿರದ ಈಚೆ ಶಾಲೆಗಳಿಗೆ ಕಂಪ್ಯೂಟರು ಬಂದಾಗ ಪಿರಿಯಾಪಟ್ಟಣದಲ್ಲಿ ಒಬ್ಬ ಹುಡುಗ ನನ್ನೆದುರೇ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಸಂಖ್ಯೆಯನ್ನು ಪರೀಕ್ಷಿಸಿ ಅವಿಭಾಜ್ಯ ಎಂದ. ನಾನು ಭೇಷ್ ಎಂದು, ಆಮೇಲೆ ಸ್ಟಾಫ್ ರೂಮಿನಲ್ಲಿ ಕುಳಿತು ಕೈಲೆಕ್ಕದಲ್ಲಿ ನಾಲ್ಕಾರು ಭಾಗಾಕಾರ ಮಾಡಿ ನೋಡಿದೆ. ಹೊಸಬರಿಗೆ ಹೇಳಬಹುದಾದ ಬುದ್ಧಿಮಾತು ಇದರಲ್ಲಿ ಇದ್ದರೂ ಇರಬಹುದು.

ಇದನ್ನು ಬರೆಯಲು ಕುಳಿತಾಗಲೂ ನನ್ನ ನೆನಪನ್ನು ನಂಬದೆ ಅತ್ತೆಯ ಪಾಲನ್ನು ಇನ್ನೊಮ್ಮೆ ಭಾಗಿಸಿದೆ. ನಲವತ್ತೇಳಕ್ಕೆ ಎರಡು, ಸರಿ. ಮುಂದಿನದು ಐವತ್ತಮೂರು. ಅದಕ್ಕೆ ಐವತ್ತೆರಡು ಮಿಕ್ಕಿತು. ಅಂದರೆ ಒಂದೇ ಒಂದು ಎಲೆ ಇದ್ದಿದ್ದರೆ ಕಡ್ಡಿ ತುಂಬುತ್ತಿತ್ತು. ಪೆನ್ನು ಕೆಳಗಿಟ್ಟೆ. ಇಷ್ಟು ವರ್ಷ ಸೊಪ್ಪಿನ ಮನೆಯಲ್ಲಿ ಇದ್ದವಳು ನಾನು. ಎರಡೆಲೆ ಹೆಚ್ಚಾದರೆ ಕಡೇ ಕಡ್ಡಿಗೆ ಸೇರಿಸುವುದು ನಿಜ. ಆದರೆ ಒಂದೆಲೆ ಕಡಿಮೆ ಬಿದ್ದ ಕಡ್ಡಿಯನ್ನೂ ಯಾರೂ ಬಿಚ್ಚಿ ಎಲೆ ಎಣಿಸುವುದಿಲ್ಲ, ಅದನ್ನೂ ತುಂಬಿದ ಕಡ್ಡಿ ಎಂದೇ ಬ್ಯಾರನ್‌ಗೆ ಏರಿಸುತ್ತಾರೆ. ಅತ್ತೆ ನಲವತ್ತೇಳಕ್ಕೆ ಕೈಯ ಅಭ್ಯಾಸದಿಂದ ಸೊನ್ನೆ ಬರೆದಿದ್ದರೆ ಐವತ್ತಮೂರಕ್ಕೂ ಸೊನ್ನೆ ಬರೆಯಬೇಕಿತ್ತು. ಬರೆದಿರಲಿಲ್ಲ. ಆವತ್ತು ಜಗಲಿಯ ಮೇಲೆ ನಲವತ್ತೇಳು ಬಿಟ್ಟು ಎಲ್ಲ ಸರಿಯಾಗಿತ್ತು.

ಅತ್ತೆಗೆ ಈಗ ಎಂಬತ್ತು ದಾಟಿದೆ. ಹಿತ್ತಿಲ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಹತ್ತಿರ ಹೋಗಿ ಕುಳಿತೆ.

"ಅತ್ತೆ, ನಿಜ ಹೇಳಿ. ಆ ಎರಡೆಲೆ ನೀವು ಬೇಕಂತಲೇ ಸೇರಿಸಿದ್ರಾ? ನಾವು ತಿರುಗಿಸಿ ನೋಡ್ತೀವೋ ಇಲ್ವೋ ಅಂತ?"

"ಒಲೆ ಮ್ಯಾಲೆ ಹಾಲಿಟ್ಟು ಬಂದಿದ್ದೀಯ, ಉಕ್ತದೆ, ಓಗಿ ನೋಡು" ಎಂದರು.

ಇಟ್ಟಿದ್ದೆನೋ ಇಲ್ಲವೋ ಖಾತ್ರಿಯಿರಲಿಲ್ಲ. ಎದ್ದು ಹೋಗಿ ನೋಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ. ವಾಪಸ್ ಬಂದು ಅದನ್ನೇ ಮತ್ತೆ ಕೇಳಿದೆ. ಅತ್ತೆ ಇನ್ನೊಂದು ಕಾಯಿ ಸುಲಿದರು.